ಬೆಳ್ಳಿ ಟೇಪ್ ಉಬ್ಬಿದೆಯಾ, ಕರೆಂಟ್ ಹೊರುತ್ತಿಲ್ಲವಾ? ಮೊದಲು ಪೌಡರ್ ನೋಡಿ

ಬಿಸ್ಮತ್-2223 ಟೇಪ್ (ಬೆಳ್ಳಿಯೊಳಗೆ ಸೂಪರ್‌ಕಂಡಕ್ಟರ್ ಇರುವ ಪಟ್ಟಿ, ತುಂಬ ತಣ್ಣಗಿದ್ದಾಗ ತಡೆಯಿಲ್ಲದೆ ಕರೆಂಟ್ ಹೊರುತ್ತದೆ) ಮಾಡುವವರ ಸಿಟ್ಟೆಲ್ಲ ಸಾಮಾನ್ಯವಾಗಿ ಫರ್ನೇಸಿನ ಮೇಲೆ. ಉಷ್ಣತೆ ಎರಡು ಡಿಗ್ರಿ ಏರಿತು, ಮಧ್ಯರಾತ್ರಿ ಕರೆಂಟ್ ಹೋಯಿತು, ಉಷ್ಣತೆ ಅಳೆಯುವ ಥರ್ಮೊಕಪಲ್ ಸರಿ ಇಲ್ಲ. ಇವೆಲ್ಲ ಆಗುವುದೇ. ಆದರೆ ನಾನು ಕಂಡ ಮಟ್ಟಿಗೆ, ಕೆಟ್ಟ ಟೇಪುಗಳಲ್ಲಿ ಹೆಚ್ಚಿನವು ಫರ್ನೇಸಿನ ಮುಖ ನೋಡುವ ಮೊದಲೇ ಕೆಟ್ಟಿರುತ್ತವೆ. ಬೆಳ್ಳಿ ಕೊಳವೆಗೆ ಪೌಡರ್ ತುಂಬಿ ಬಾಯಿ ಮುಚ್ಚಿದಾಗಲೇ ಟೇಪಿನ ಹಣೆಬರಹ ಮುಕ್ಕಾಲು ಪಾಲು ಬರೆದಾಗಿರುತ್ತದೆ.

ಇದನ್ನು ಬರೆಯುತ್ತಿರುವುದು ಕಾಸರಗೋಡು ಕಡೆಯ ಕಾಲೇಜು ಲ್ಯಾಬುಗಳಲ್ಲಿ ಪ್ರಾಜೆಕ್ಟ್ ಮಾಡುವವರಿಗಾಗಿ. ಗ್ಲವ್ ಬಾಕ್ಸ್ (ಹೊರಗಿನ ಗಾಳಿ ತಾಗದ ಪೆಟ್ಟಿಗೆ) ಇಲ್ಲ, ಒಂದೇ ಫರ್ನೇಸಿಗೆ ನಾಲ್ಕು ಜನ ಕಾಯುತ್ತಿರುತ್ತಾರೆ, ಎಕ್ಸ್‌ಆರ್‌ಡಿ (ಒಳಗೆ ಯಾವ ಹರಳುಗಳಿವೆ ಅಂತ ಎಕ್ಸ್-ರೇಯಿಂದ ತಿಳಿಯುವ ಪರೀಕ್ಷೆ) ಬೇಕಾದರೆ ಬೇರೆ ಕಡೆ ಸ್ಯಾಂಪಲ್ ಕಳಿಸಬೇಕು. ಇಷ್ಟರಲ್ಲೇ ದೋಷ ಹುಡುಕಬೇಕು. ತಿರುವನಂತಪುರದ ಸಂಶೋಧನಾ ಸಂಸ್ಥೆ ಎನ್‌ಐಐಎಸ್‌ಟಿಯಲ್ಲಿ ಈ ಟೇಪಿನ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಹಾಗಾಗಿ ಇದು ಕೇರಳಕ್ಕೆ ಹೊಸ ವಿದ್ಯೆಯೇನೂ ಅಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಬಿಸ್ಮತ್ ಜಾತಿಯ ಸೂಪರ್‌ಕಂಡಕ್ಟರುಗಳನ್ನು ಜಪಾನಿನ ಮಾಎದಾ ತಂಡ 1988ರಲ್ಲಿ ಕಂಡುಹಿಡಿಯಿತು. ಇದರಲ್ಲಿ 2223 ಎಂಬ ಫೇಸ್ (ಹರಳಿನ ರೂಪ) ಸುಮಾರು 110 ಕೆಲ್ವಿನ್‌ವರೆಗೆ ಸೂಪರ್‌ಕಂಡಕ್ಟರ್. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್ನಿಗೆ, ಹಾಗಾಗಿ ನಮಗೆ ಅನುಕೂಲ. ಅದರ ತಮ್ಮ 2212, ಅದು 80–90 ಕೆಲ್ವಿನ್ ಆಸುಪಾಸಿನದ್ದು. ಟೇಪ್ ಮಾಡುವಾಗ ಕೊಳವೆಗೆ ತುಂಬುವುದು 2223 ಅಲ್ಲ. 2212, ಕ್ಯಾಲ್ಸಿಯಂ ಪ್ಲಂಬೇಟ್ (ಕ್ಯಾಲ್ಸಿಯಂ, ಸೀಸ ಸೇರಿದ ಆಕ್ಸೈಡ್), ತಾಮ್ರದ ಆಕ್ಸೈಡ್, ಕ್ಯಾಲ್ಸಿಯಂ-ಸ್ಟ್ರಾನ್ಷಿಯಂ ಕ್ಯುಪ್ರೇಟುಗಳು (ಇವುಗಳಲ್ಲೂ ತಾಮ್ರ ಇರುತ್ತದೆ), ಇವೆಲ್ಲ ಬೆರೆತ ಒಂದು ಪೌಡರ್. ಅದೇ ಪ್ರಿಕರ್ಸರ್. ಕೊಳವೆಯನ್ನು ಎಳೆದು ತಂತಿ ಮಾಡಿ, ರೋಲ್ ಮಾಡಿ ಚಪ್ಪಟೆ ಮಾಡಿ, ಗಾಳಿಯಲ್ಲಾದರೆ 835–840 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಮತ್ತೆ ರೋಲ್ ಮಾಡಿ ಮತ್ತೆ ಕಾಯಿಸಿದಾಗ ಒಳಗೆ 2223 ಹುಟ್ಟುತ್ತದೆ. ಬೆಳ್ಳಿಯ ಒಳಗೇ ಹುಟ್ಟಬೇಕು, ಅದು ಮುಖ್ಯ. ಯಾಕೆ ಅಂತ ಮುಂದೆ ಬರುತ್ತದೆ.

ಪೌಡರನ್ನು ಬೈಯುವ ಮೊದಲು

ಕರೆಂಟ್ ಕಡಿಮೆ ಬಂದರೆ ಮೊದಲು ಅಳತೆಯನ್ನೇ ಅನುಮಾನಿಸಿ. ಕ್ರಿಟಿಕಲ್ ಕರೆಂಟ್ ಅಂದರೆ ಪ್ರತಿ ಸೆಂಟಿಮೀಟರಿಗೆ 1 ಮೈಕ್ರೋವೋಲ್ಟ್ ಕಾಣಿಸುವ ಕರೆಂಟ್. ವೋಲ್ಟೇಜ್ ತಂತಿಗಳು ಕರೆಂಟ್ ತಂತಿಗಳಿಗೆ ತೀರಾ ಹತ್ತಿರ ಇದ್ದರೆ, ಬೆಸುಗೆ ಸರಿ ಕೂರದಿದ್ದರೆ, ಬರುವ ಲೆಕ್ಕವೇ ಬೇರೆ. ನಿರೀಕ್ಷೆ ಎಷ್ಟು ಇಟ್ಟುಕೊಳ್ಳಬೇಕು ಅನ್ನುವುದೂ ಗೊತ್ತಿರಬೇಕು. ಒಳಗಿನ ಕೋರ್ 3 ಮಿಲಿಮೀಟರ್ ಅಗಲ, 0.05 ಮಿಲಿಮೀಟರ್ ದಪ್ಪ ಅಂದುಕೊಳ್ಳಿ. ಚದರ ಸೆಂಟಿಮೀಟರಿಗೆ 10,000 ಆಂಪಿಯರ್ ಹೊತ್ತರೂ ಸಿಗುವುದು 15 ಆಂಪಿಯರ್. ಒಂಟಿ ಕೋರಿನ ಕಾಲೇಜು ಟೇಪಿಗೆ ಅದು ಮರ್ಯಾದೆಯ ಲೆಕ್ಕ. ಕಂಪನಿ ಟೇಪಿನ 200 ಆಂಪಿಯರ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ಎಚ್ಚರಿಕೆ. ಗುಳ್ಳೆ ಕಂಡದ್ದು ಯಾವಾಗ ಅಂತ ಕೇಳಿಕೊಳ್ಳಿ. ಫರ್ನೇಸಿನಿಂದ ತೆಗೆದಾಗಲೇ ಇತ್ತಾ, ಅಥವಾ ಸಾರಜನಕದಲ್ಲಿ ಮುಳುಗಿಸಿ ತೆಗೆದ ಮೇಲೆ ಬಂತಾ? ಬೆಳ್ಳಿಯಲ್ಲಿ ಸಣ್ಣ ತೂತಿದ್ದರೆ ದ್ರವ ಸಾರಜನಕ ಒಳಗೆ ಹೋಗಿ ಕೂರುತ್ತದೆ. ಟೇಪ್ ಬೇಗ ಬೆಚ್ಚಗಾದರೆ ಅದು ಆವಿಯಾಗಿ ಹೊರಬರಲು ದಾರಿ ಸಿಗದೆ ಬೆಳ್ಳಿಯನ್ನು ಎತ್ತಿಬಿಡುತ್ತದೆ. ಅದು ಪೌಡರಿನ ತಪ್ಪಲ್ಲ. ಹಾಗಾಗಿ ಮುಳುಗಿಸುವ ಮೊದಲು ಟೇಪಿನ ಫೋಟೋ ತೆಗೆದಿಡಿ. ಮೊಬೈಲ್ ಸಾಕು, ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಸಣ್ಣ ಉಬ್ಬೂ ನೆರಳು ಬಿಡುತ್ತದೆ.

ಟೇಪ್ ಫರ್ನೇಸಿನಿಂದಲೇ ಉಬ್ಬಿ ಬಂದರೆ

ನಮ್ಮ ಕಡೆ ಹೆಚ್ಚು ಕಾಡುವ ದೋಷ ಇದೇ. ಬದಿಯಡ್ಕದ ಒಬ್ಬ ವಿದ್ಯಾರ್ಥಿ ಕೇಳಿದ್ದು ಹೀಗೆ: "ಜನವರಿಯಲ್ಲಿ ಮಾಡಿದ ಟೇಪ್ ಕನ್ನಡಿ ಹಾಗೆ ಉಂಟು ಸರ್. ಅದೇ ಪೌಡರ್, ಅದೇ ಫರ್ನೇಸ್, ಜುಲೈಯಲ್ಲಿ ಮಾಡಿದ್ದು ಪೂರಾ ಗುಳ್ಳೆ. ಎಂತ ಆದದ್ದು?" ಉತ್ತರ ಪ್ರಶ್ನೆಯಲ್ಲೇ ಇದೆ ಅಲ್ವಾ. ಮಳೆಗಾಲದಲ್ಲಿ ಡಬ್ಬದೊಳಗಿನ ಹಲಸಿನ ಹಪ್ಪಳವೂ ಮೆತ್ತಗಾಗುವ ಊರು ನಮ್ಮದು. ನುಣ್ಣಗೆ ಅರೆದ ಪೌಡರ್ ಬಾಟಲಿಯಲ್ಲಿ ಆರು ತಿಂಗಳು ಕೂತರೆ ಸುಮ್ನೆ ಕೂರುವುದಿಲ್ಲ. ಗಾಳಿಯಿಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಎಳೆದುಕೊಳ್ಳುತ್ತದೆ.

ಎಷ್ಟು ಅನಿಲ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ, ಆಮೇಲೆ ಉಡಾಫೆ ಮಾಡುವುದಿಲ್ಲ. ಒಂದು ಗ್ರಾಂ ಪೌಡರಿನಲ್ಲಿ 1000 ಪಿಪಿಎಂ ಇಂಗಾಲ, ಅಂದರೆ ಒಂದೇ ಮಿಲಿಗ್ರಾಂ ಇದೆ ಅಂದುಕೊಳ್ಳಿ. ಅದೆಲ್ಲ ಡೈಆಕ್ಸೈಡ್ ಆಗಿ ಹೊರಬಂದರೆ 830 ಡಿಗ್ರಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ ಸುಮಾರು 7.5 ಮಿಲಿಲೀಟರ್. ಆ ಒಂದು ಗ್ರಾಂ ಪೌಡರ್ ಒತ್ತಿ ಕೂತ ಜಾಗ ಹೆಚ್ಚೆಂದರೆ 0.2 ಮಿಲಿಲೀಟರ್. ಒಂದು ಮಿಲಿಗ್ರಾಂ ನೀರಿದ್ದರೆ ಅದೇ ಉಷ್ಣತೆಯಲ್ಲಿ 5 ಮಿಲಿಲೀಟರ್ ಆವಿ. ಬೆಳ್ಳಿಯ ಮೂಲಕ ಆಮ್ಲಜನಕ ಹಾಯ್ದು ಹೋಗುತ್ತದೆ, ಬೆಳ್ಳಿಯನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣ ಅದು. ಆದರೆ ಇಂಗಾಲದ ಡೈಆಕ್ಸೈಡ್ ಹಾಗೆ ಹಾಯುವುದಿಲ್ಲ. 830 ಡಿಗ್ರಿಯಲ್ಲಿ ಬೆಳ್ಳಿ ಮೆತ್ತಗೆ ಬೇರೆ ಆಗಿರುತ್ತದೆ, ಅದು ಕರಗುವುದೇ 961.8 ಡಿಗ್ರಿಗೆ. ಅನಿಲಕ್ಕೆ ಬೇರೆ ದಾರಿ ಇಲ್ಲ, ಬೆಳ್ಳಿ ಉಬ್ಬಲೇಬೇಕು.

ಉಬ್ಬದಿದ್ದರೂ ಇಂಗಾಲ ಕೆಡುಕು ಮಾಡುತ್ತದೆ. ಅದು ಕಣಗಳ ನಡುವಿನ ಗಡಿಯಲ್ಲಿ ಕೂತು ಕರೆಂಟಿನ ದಾರಿ ಕಡಿಯುತ್ತದೆ. ಹಾಗಾಗಿ ಪ್ರಿಕರ್ಸರಿನಲ್ಲಿ ಇಂಗಾಲ ಕೆಲವು ನೂರು ಪಿಪಿಎಂಗಿಂತ ಕೆಳಗಿರಬೇಕು. ಕಮ್ಮಿ ಇದ್ದಷ್ಟೂ ಒಳ್ಳೆಯದು.

ಐದು ಸೆಂಟಿಮೀಟರ್ ತುಂಡಿನಲ್ಲಿ ಗುಳ್ಳೆ ಇಲ್ಲ ಅಂತ ಖುಷಿಪಡಬೇಡಿ. ಗಿಡ್ಡ ತುಂಡಿನ ಎರಡೂ ಬಾಯಿ ತೆರೆದಿರುತ್ತದೆ, ಅನಿಲ ಅಲ್ಲಿಂದ ಜಾರಿಕೊಳ್ಳುತ್ತದೆ. ಅದೇ ಪೌಡರಿನ ಒಂದು ಮೀಟರ್ ಟೇಪ್ ಸುತ್ತಿ ಕಾಯಿಸಿದರೆ ನಡುಭಾಗದಲ್ಲಿ ಸಾಲಾಗಿ ಏಳುತ್ತದೆ. ಜರ್ಮನಿಯ ಎಸೆನ್ ನಗರದಲ್ಲಿ 2014ರಿಂದ ನಡೆದ ಒಂದು ಕಿಲೋಮೀಟರ್ ಉದ್ದದ 10 ಕಿಲೋವೋಲ್ಟ್ ಕೇಬಲಿನಲ್ಲಿ ಇದೇ ಜಾತಿಯ ಟೇಪ್ ಇತ್ತು. ಅಷ್ಟುದ್ದ ಸರಿ ಬರಬೇಕಾದರೆ ಪೌಡರ್ ಎಷ್ಟು ಶುದ್ಧ ಇರಬೇಕು ಯೋಚಿಸಿ.

ಕಾರಣ ನೀರೋ, ಕಾರ್ಬೊನೇಟೋ ಅಂತ ಪತ್ತೆ ಮಾಡುವುದು ಹೇಗೆ? ಒಂದೇ ಬ್ಯಾಚಿನ ಪೌಡರನ್ನು ಎರಡು ಪಾಲು ಮಾಡಿ. ಒಂದನ್ನು ಬಾಟಲಿಯಿಂದ ನೇರವಾಗಿ ತುಂಬಿ. ಇನ್ನೊಂದನ್ನು 200 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ತಣಿಯಲು ಬಿಡದೆ ತುಂಬಿ. ಎರಡನ್ನೂ ಒಟ್ಟಿಗೆ ಎಳೆದು, ರೋಲ್ ಮಾಡಿ, ಪಕ್ಕಪಕ್ಕ ಇಟ್ಟು ಕಾಯಿಸಿ. ಎರಡನೆಯದರ ಗುಳ್ಳೆ ಕಮ್ಮಿಯಾದರೆ ಮೇಲೆ ಕೂತ ನೀರು ಒಂದು ಕಾರಣ. ಎರಡೂ ಒಂದೇ ಥರ ಉಬ್ಬಿದರೆ ಒಳಗೆ ಕಾರ್ಬೊನೇಟ್ ಉಳಿದಿದೆ, ಅದು 200ಕ್ಕೆಲ್ಲ ಜಗ್ಗುವುದಿಲ್ಲ.

ಕಾರ್ಬೊನೇಟ್ ಉಳಿಯುವುದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣ ಸೋಮಾರಿತನ. ಕ್ರೂಸಿಬಲನ್ನು ಕುತ್ತಿಗೆವರೆಗೆ ತುಂಬಿ ಒಮ್ಮೆಗೇ ಕ್ಯಾಲ್ಸೈನ್ ಮಾಡುತ್ತಾರೆ, ಅಂದರೆ ಕಚ್ಚಾ ಕಾರ್ಬೊನೇಟ್ ಒಡೆಯುವಂತೆ ಕಾಯಿಸುತ್ತಾರೆ. ಮೇಲಿನ ಪದರ ಬೆಂದಿರುತ್ತದೆ, ಅಡಿಯಲ್ಲಿ ಡೈಆಕ್ಸೈಡ್ ಹೊರಹೋಗಲಾರದೆ ಅಲ್ಲೇ ಸುತ್ತುತ್ತದೆ. ಸ್ಟ್ರಾನ್ಷಿಯಂ ಕಾರ್ಬೊನೇಟ್ ಮೊದಲೇ ಹಠಮಾರಿ, ಒಂಟಿಯಾಗಿದ್ದರೆ 800ರ ಆಸುಪಾಸಿನಲ್ಲಿ ಒಡೆಯುವುದೇ ಇಲ್ಲ. ಬಿಸ್ಮತ್ ಮತ್ತು ತಾಮ್ರದ ಆಕ್ಸೈಡ್ ಮೈಗೆ ತಾಗಿದ್ದರೆ ಮಾತ್ರ ಆ ಉಷ್ಣತೆಯಲ್ಲಿ ಕರಗಿ ಸೇರುತ್ತದೆ. ಹಾಗಾಗಿ ಅಗಲದ ಅಲ್ಯುಮಿನಾ ದೋಣಿಯಲ್ಲಿ ತೆಳುವಾಗಿ ಹರವಿ. 750ರಿಂದ ಶುರುಮಾಡಿ 800 ದಾಟುವವರೆಗೆ ಹಂತಹಂತವಾಗಿ ಏರಿಸಿ, ಪ್ರತಿ ಹಂತದ ನಡುವೆ ತೆಗೆದು ಅರೆಯಿರಿ. ಅರೆಯಲು ಅಸಿಟೋನ್ ಬಳಸಿದರೆ ಅದೂ ಇಂಗಾಲವೇ ಅನ್ನುವುದು ನೆನಪಿರಲಿ. ಕೊನೆಯ ಅರೆತ ಅಸಿಟೋನಿನಲ್ಲಿ ಆಗಿ, ಆಮೇಲೆ ಬಿಸಿಯೇ ಕಾಣದೆ ಪೌಡರ್ ನೇರ ಕೊಳವೆಗೆ ಹೋಗಿದ್ದರೆ ಗುಳ್ಳೆಗೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ತುಂಬುವ ಮೊದಲು ಪೌಡರನ್ನು 700 ಡಿಗ್ರಿ ಆಸುಪಾಸಿನಲ್ಲಿ ಒಮ್ಮೆ ಕಾಯಿಸಿ ಅನಿಲ ಬಿಡಿಸುವ ಪದ್ಧತಿ ಇದೆ. ಒಳ್ಳೆಯದೇ, ಆದರೆ ಇದರಲ್ಲಿ ಒಂದು ಕೊಕ್ಕೆ ಇದೆ. ಸೀಸವನ್ನು ಜಾಗ್ರತೆಯಿಂದ 2212ರೊಳಗೆ ಕೂರಿಸಿದ ಪೌಡರ್ ನಿಮ್ಮದಾಗಿದ್ದರೆ, ಆ ಉಷ್ಣತೆಯಲ್ಲಿ ಗಾಳಿಯಲ್ಲಿ ತುಂಬ ಹೊತ್ತು ಇಟ್ಟರೆ ಸೀಸ ಮತ್ತೆ ಹೊರಬಿದ್ದು ಬೇರೆ ಫೇಸ್ ಆಗುತ್ತದೆ. ಕಾಯಿಸಿದ ಮೇಲೆ ಇನ್ನೊಮ್ಮೆ ಎಕ್ಸ್‌ಆರ್‌ಡಿ ತೆಗೆಸಿ.

ಪೌಡರನ್ನು ಒಣಗಿಟ್ಟುಕೊಳ್ಳುವ ಮುಚ್ಚಿದ ಪಾತ್ರೆ, ಡೆಸಿಕೇಟರ್ ಬಗ್ಗೆ ಒಂದು ಮಾತು. ಜೂನಿನಿಂದ ಆಗಸ್ಟ್‌ವರೆಗೆ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಲು ಹೆಚ್ಚು ಸಮಯ ಬೇಡ. ಗುಲಾಬಿ ಆದ ಮೇಲೂ ಹಾಗೇ ಬಿಟ್ಟರೆ ಡೆಸಿಕೇಟರ್ ಬರೀ ಗಾಜಿನ ಡಬ್ಬ. ಇನ್ನು, ಜೆಲ್ ನೀಲಿ ಇದ್ದರೂ ಅದು ಹಿಡಿಯುವುದು ನೀರನ್ನು ಮಾತ್ರ. ಇಂಗಾಲದ ಡೈಆಕ್ಸೈಡಿಗೆ ಪಕ್ಕದಲ್ಲಿ ಸೋಡಾ ಲೈಮ್ ಇಡಬೇಕು. ಇದನ್ನು ಇಡುವ ಲ್ಯಾಬ್ ನಾನು ಕಂಡದ್ದು ಬಹಳ ಕಡಿಮೆ.

ಟೇಪ್ ನೋಡಲು ಚಂದ, ಕರೆಂಟ್ ಮಾತ್ರ ಇಲ್ಲ

ಇದು ಕಣ್ಣಿಗೆ ಕಾಣದ ರೋಗ. ರೆಸಿಸ್ಟೆನ್ಸ್ ಅಳೆದರೆ 107 ಕೆಲ್ವಿನ್ನಿಗೆ ಸೊನ್ನೆ, ಎಲ್ಲ ಸರಿ ಅನ್ನಿಸುತ್ತದೆ. ಆದರೆ ರೆಸಿಸ್ಟೆನ್ಸ್ ಮೋಸ ಮಾಡುತ್ತದೆ. 2223ರ ಒಂದೇ ಒಂದು ಸಣ್ಣ ದಾರಿ ಈ ತುದಿಯಿಂದ ಆ ತುದಿಗೆ ಮುಟ್ಟಿದರೂ ಅದು ಸೊನ್ನೆ ತೋರಿಸುತ್ತದೆ. ಎಸಿ ಸಸೆಪ್ಟಿಬಿಲಿಟಿ (ತಣಿಸುತ್ತಾ ಕೋರ್ ಕಾಂತಕ್ಷೇತ್ರವನ್ನು ಎಷ್ಟು ತಳ್ಳುತ್ತದೆ ಅಂತ ಅಳೆಯುವುದು) ಮಾಡಿಸಿ. ರೇಖೆ 110ರ ಹತ್ತಿರ ಸ್ವಲ್ಪ ಇಳಿದು, 80ರ ಹತ್ತಿರ ಇನ್ನೊಂದು ಮೆಟ್ಟಿಲು ಇಳಿದರೆ, ಕೋರಿನಲ್ಲಿ 2212 ಬೇಕಾದಷ್ಟು ಉಳಿದಿದೆ ಅಂತ ಅರ್ಥ.

ಕೋರನ್ನೇ ನೋಡಬೇಕಾದರೆ ಬೆಳ್ಳಿ ತೆಗೆಯಬೇಕು. ಅಮೋನಿಯಾ ದ್ರಾವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ ಬೆಳ್ಳಿ ಕರಗುತ್ತದೆ. ಫ್ಯೂಮ್ ಹುಡ್‌ನಲ್ಲೇ ಮಾಡಿ, ನೊರೆ ಉಕ್ಕುತ್ತದೆ, ಮುಚ್ಚಿದ ಬಾಟಲಿಯಲ್ಲಿ ಯಾವತ್ತೂ ಇಡಬೇಡಿ. ಒಳಗಿಂದ ಕಪ್ಪು ಹೊಳಪಿನ ಪಟ್ಟಿ ಸಿಗುತ್ತದೆ. ತಾಮ್ರದ ಎಕ್ಸ್-ರೇ ಟ್ಯೂಬಿನಲ್ಲಿ 4.8 ಡಿಗ್ರಿ ಹತ್ತಿರದ ಪೀಕ್ 2223, 5.75 ಹತ್ತಿರದ್ದು 2212. ಕೆಲವು ಯಂತ್ರಗಳು ಅಷ್ಟು ಕೆಳಕೋನಕ್ಕೆ ಹೋಗುವುದಿಲ್ಲ. ಆಗ 24 ಮತ್ತು 23.2 ನೋಡಿ. ಮೊದಲನೆಯದು 2223ರದ್ದು, ಎರಡನೆಯದು 2212ರದ್ದು.

ಈಗ ತೆಗೆದಿಟ್ಟ ಪೌಡರಿನ ಎಕ್ಸ್‌ಆರ್‌ಡಿ ಹೊರಗೆ ತೆಗೆಯಿರಿ. ತೆಗೆದಿಟ್ಟಿಲ್ಲವಾ? ಇನ್ನು ಮೇಲೆ ಪ್ರತಿ ಬ್ಯಾಚಿನಿಂದ ಐದು ಗ್ರಾಂ ಸೀಲ್ ಮಾಡಿ, ದಿನಾಂಕ ಬರೆದು ಇಡಿ. ಬೆಳ್ಳಿಯೊಳಗೆ ಹೋದ ಪೌಡರನ್ನು ಮತ್ತೆ ಕೇಳಲಾಗುವುದಿಲ್ಲ.

ಪೌಡರಿನಲ್ಲೇ 4.8ರ ಪೀಕ್ ಕಂಡರೆ ಹೊಸಬರು ಹಿಗ್ಗುತ್ತಾರೆ, "ಸರ್, 2223 ಆಗಲೇ ಬಂದಿದೆ!" ಅದು ಹಿಗ್ಗುವ ವಿಷಯ ಅಲ್ಲ. ಮೊದಲೇ ಆದ 2223 ಕಣಗಳು ರೋಲರಿನಡಿ ಒಡೆಯುತ್ತವೆ. ಒಡೆದದ್ದನ್ನು ಮತ್ತೆ ಅಂಟಿಸಲು ಬೇಕಾದ ದ್ರವ ಆಗ ಉಳಿದಿರುವುದಿಲ್ಲ. ಮೇಲಾಗಿ ಈ ಹರಳುಗಳು ಒಂದೇ ದಿಕ್ಕಿಗೆ ಮಲಗಿದರೆ ಮಾತ್ರ ಕರೆಂಟ್ ಸರಾಗ, ಮತ್ತು ಆ ಮಲಗುವಿಕೆ ಬೆಳ್ಳಿಯ ಮೈಗೆ ತಾಗಿ ಬೆಳೆಯುವಾಗ ಚೆನ್ನಾಗಿ ಆಗುತ್ತದೆ. ಹೊರಗೆ ಹುಟ್ಟಿದವು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಆ ಪೀಕ್ ದೊಡ್ಡದಿದ್ದರೆ ಕ್ಯಾಲ್ಸಿನೇಶನ್ ಅತಿಯಾಗಿದೆ. ಉಷ್ಣತೆ ಅಥವಾ ಹೊತ್ತು ಇಳಿಸಿ.

17.8ರ ಹತ್ತಿರದ ಪೀಕ್ ಕ್ಯಾಲ್ಸಿಯಂ ಪ್ಲಂಬೇಟ್. ಗಾಳಿಯಲ್ಲಿ ಕ್ಯಾಲ್ಸೈನ್ ಮಾಡಿದ ಪೌಡರಿನಲ್ಲಿ ಇದು ಇದ್ದೇ ಇರುತ್ತದೆ. ಟೇಪ್ ಕಾಯುವಾಗ 820ರ ಆಸುಪಾಸಿನಲ್ಲಿ ಇದು ಒಡೆದು ದ್ರವ ಕೊಡುತ್ತದೆ, ಆ ದ್ರವವೇ 2223 ಬೆಳೆಯಲು ದಾರಿ. ಹಾಗಾಗಿ ಪೂರಾ ಇಲ್ಲದಿದ್ದರೂ ಅನುಮಾನಪಡಬೇಕು: ಸೀಸ 2212ರೊಳಗೆ ಹೋಗಿದೆಯಾ, ಅಥವಾ ಆವಿಯಾಗಿ ಫರ್ನೇಸಿನ ಗೋಡೆಗೆ ಹತ್ತಿದೆಯಾ? ಮುಚ್ಚಳವಿಲ್ಲದೆ 800ರ ಮೇಲೆ ದಿನಗಟ್ಟಲೆ ಇಟ್ಟ ಪೌಡರ್ ಆಗಿದ್ದರೆ ಎರಡನೆಯದನ್ನೇ ನಂಬುತ್ತೇನೆ. (ಫರ್ನೇಸಿನ ಬಾಗಿಲ ಸುತ್ತ ಹಳದಿ ಮಾಸಲು ಕಂಡರೆ ಕೈಯಲ್ಲಿ ಒರೆಸಬೇಡಿ. ಅದು ಸೀಸ ಇರಬಹುದು. ಒದ್ದೆ ಬಟ್ಟೆ, ಗ್ಲವ್ಸ್, ಮಾಸ್ಕ್. ಸಿಂಕಿಗೆ ತೊಳೆಯುವುದಂತೂ ಬೇಡ, ಇಲ್ಲಿಯ ಎಲ್ಲ ನೀರೂ ಕೊನೆಗೆ ಯಾರದೋ ಬಾವಿಗೆ, ಹೊಳೆಗೆ ಹೋಗುತ್ತದೆ.)

ಪೀಕುಗಳೆಲ್ಲ ಸರಿ ಇದ್ದೂ ಕರೆಂಟ್ ಕಡಿಮೆ ಅಂದರೆ ಕಣದ ಗಾತ್ರ ನೋಡಿ. ಟೇಪನ್ನು ಅಡ್ಡ ಕೊಯ್ದು ಪಾಲಿಶ್ ಮಾಡಿ ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಭಾರದ ಧಾತುಗಳನ್ನು ಬೆಳ್ಳಗೆ ತೋರಿಸುವ ಬ್ಯಾಕ್‌ಸ್ಕ್ಯಾಟರ್ ಚಿತ್ರ ತೆಗೆಸಿ. ಬಿಸ್ಮತ್ ಇರುವ ಭಾಗ ಬೆಳ್ಳಗೆ, ತಾಮ್ರದ ಆಕ್ಸೈಡ್ ಮತ್ತು ಕ್ಯುಪ್ರೇಟುಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಒಂದೆರಡು ಮೈಕ್ರಾನಿನ ಚುಕ್ಕೆಗಳಾದರೆ ಪರವಾಗಿಲ್ಲ. ಹತ್ತು ಮೈಕ್ರಾನ್ ದಾಟಿದ ಗಡ್ಡೆಗಳು ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಅವು ಎರಡು ರೀತಿಯಲ್ಲಿ ನಷ್ಟ: ಸುತ್ತಲಿನ 2212ಕ್ಕೆ ಬೇಕಾದ ತಾಮ್ರ, ಕ್ಯಾಲ್ಸಿಯಂ ಅಲ್ಲೇ ಸಿಕ್ಕಿಬಿದ್ದಿರುತ್ತದೆ, ಜೊತೆಗೆ ಕರೆಂಟಿಗೆ ಅಡ್ಡ ಬಂಡೆ. ಹಲವು ಎಳೆಗಳ ಟೇಪಿನಲ್ಲಿ ಒಂದೊಂದು ಎಳೆಯ ದಪ್ಪವೇ ಹತ್ತು ಮೈಕ್ರಾನ್ ಆಸುಪಾಸು. ಅಲ್ಲಿ ಒಂದು ಗಡ್ಡೆ ಅಂದರೆ ಒಂದು ಎಳೆ ಕಡಿದ ಹಾಗೆಯೇ.

ಕೋರ್ ಏರುತಗ್ಗು, ಬೆಳ್ಳಿ ಹರಿದಿದೆ

ಉದ್ದಕ್ಕೆ ಕೊಯ್ದಾಗ ಕೋರ್ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ರೋಲಿಂಗಿನ ತಪ್ಪು ಅನ್ನುತ್ತಾರೆ. ಒಮ್ಮೆಗೇ ಜಾಸ್ತಿ ಒತ್ತಿದರೆ ಹೌದು. ಆದರೆ ದಪ್ಪ ಇರುವಲ್ಲೆಲ್ಲ ಗಟ್ಟಿ ಗಡ್ಡೆ ಕೂತಿದ್ದರೆ ತಪ್ಪು ಅರೆದವರದ್ದು. ಕೊಳವೆಗೆ ಒಮ್ಮೆಗೇ ಸುರಿದು ತುದಿಯಲ್ಲಿ ಒತ್ತಿದರೂ ಹೀಗಾಗುತ್ತದೆ. ಸ್ವಲ್ಪ ಹಾಕಿ ಒತ್ತಿ, ಮತ್ತೆ ಸ್ವಲ್ಪ ಹಾಕಿ ಒತ್ತಿ.

ಹಾಗಂತ ಬಾಲ್ ಮಿಲ್ಲಿನಲ್ಲಿ ದಿನವಿಡೀ ಅರೆಯುವುದು ಪರಿಹಾರ ಅಲ್ಲ. ಅತಿ ನುಣುಪಾದ ಪೌಡರ್ ನೀರು, ಡೈಆಕ್ಸೈಡ್ ಇನ್ನೂ ಜಾಸ್ತಿ ಎಳೆಯುತ್ತದೆ, ಗುಂಡುಗಳ ಸವೆತವೂ ಸೇರುತ್ತದೆ, ಕರಗುವ ಉಷ್ಣತೆಯೂ ಜರುಗುತ್ತದೆ. ಕೆಲವು ಮೈಕ್ರಾನ್ ಸಾಕು.

ಒಂದು ಬ್ಯಾಚ್ ಸರಿ, ಮುಂದಿನದು ಇಲ್ಲ

ಇಲ್ಲಿ ತಕ್ಕಡಿಯಿಂದಲೇ ಶುರುಮಾಡಿ. ಬಿಸ್ಮತ್, ಸೀಸ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ, ತಾಮ್ರ 1.8 : 0.4 : 2 : 2.2 : 3 ಅಂತ ಹಾಕುತ್ತೇವೆ ಅಂದುಕೊಳ್ಳಿ. ಕ್ಯಾಲ್ಸಿಯಂ ನೈಟ್ರೇಟ್ ಬಳಸುವವರಿಗೆ ಮಳೆಗಾಲ ಶತ್ರು. ಬಾಟಲಿ ತೆರೆದಿಟ್ಟರೆ ಅದು ಕಣ್ಣೆದುರೇ ಒದ್ದೆಯಾಗುತ್ತದೆ. ನೂರು ಗ್ರಾಂ ತೂಗಿದ್ದರಲ್ಲಿ ಐದು ಗ್ರಾಂ ಹೆಚ್ಚಿನ ನೀರಿದ್ದರೆ ಕ್ಯಾಲ್ಸಿಯಂ ಶೇಕಡಾ ಐದು ಕಮ್ಮಿ ಬಿತ್ತು. ಕ್ಯಾಲ್ಸಿಯಂ ಕಮ್ಮಿ ಅಂದರೆ 2212 ಉಳಿಯುತ್ತದೆ, ಮತ್ತೆ ಮೇಲಿನ ರೋಗವೇ. ಒಣಗಿಸಿದ ಕಾರ್ಬೊನೇಟನ್ನು ತೂಗಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುವುದು ಸುರಕ್ಷಿತ. ಬಿಸ್ಮತ್ ನೈಟ್ರೇಟನ್ನು ಬರೀ ನೀರಿಗೆ ಹಾಕಿದರೆ ಬಿಳಿ ಗಷ್ಟು ಕೂರುತ್ತದೆ. ಅದಕ್ಕೂ ಆಮ್ಲ ಬೇಕು.

ಆಕ್ಸಲೇಟ್ ದಾರಿಯಲ್ಲಿ (ಲೋಹಗಳನ್ನು ದ್ರಾವಣದಿಂದ ಆಕ್ಸಲೇಟ್ ಗಷ್ಟಾಗಿ ಇಳಿಸುವ ವಿಧಾನ) ಹೋಗುವವರು ಸೋಸಿದ ನೀರನ್ನು ಚೆಲ್ಲುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ನೀಲಿ ಕಂಡರೆ ತಾಮ್ರ ನೀರಿನಲ್ಲೇ ಉಳಿದಿದೆ. ಅಮೋನಿಯಾ ಜಾಸ್ತಿ ಹಾಕಿ ಪಿಎಚ್ ಏರಿಸಿದವರಿಗೆ ಇದು ತಪ್ಪಿದ್ದಲ್ಲ. ಆ ಬ್ಯಾಚನ್ನು ಮುಂದೆ ಒಯ್ದು ಬೆಳ್ಳಿ ಹಾಳುಮಾಡಬೇಡಿ.

ಅನುಪಾತ ಸರಿ ಇದ್ದರೂ ಪ್ರತಿ ಬ್ಯಾಚಿನ ಕರಗುವ ಉಷ್ಣತೆ ಕೂದಲೆಳೆಯಷ್ಟು ಬೇರೆ. 2223 ಬೆಳೆಯುವ ಕಿಟಕಿಯೇ ಕೆಲವು ಡಿಗ್ರಿ ಅಗಲ. ಹಳೆ ಬ್ಯಾಚಿಗೆ 838 ಚೆನ್ನಾಗಿತ್ತು ಅಂತ ಹೊಸದಕ್ಕೂ ಸುಮ್ನೆ ಅದನ್ನೇ ಹಾಕಬೇಡಿ. ಡಿಟಿಎ (ಕಾಯಿಸುತ್ತಾ ಎಲ್ಲಿ ಕರಗುತ್ತದೆ ಅಂತ ತಿಳಿಯುವ ಪರೀಕ್ಷೆ) ಸಿಕ್ಕಿದರೆ ಒಮ್ಮೆ ಮಾಡಿಸಿ, ಬೆಳ್ಳಿ ಚೂರು ಜೊತೆಗಿಟ್ಟೇ ಮಾಡಿಸಿ, ಯಾಕೆಂದರೆ ಬೆಳ್ಳಿ ತಾಗಿದಾಗ ಕರಗುವ ಉಷ್ಣತೆ ಇಳಿಯುತ್ತದೆ. ಡಿಟಿಎ ಇಲ್ಲದಿದ್ದರೆ ಗಿಡ್ಡ ತುಂಡುಗಳನ್ನು ಎರಡೆರಡು ಡಿಗ್ರಿ ಅಂತರದಲ್ಲಿ ಕಾಯಿಸಿ ನೋಡುವುದೇ ದಾರಿ.

ಪೌಡರಿನ ಮೇಲೆ ಯಾವ ಅನುಮಾನವೂ ಉಳಿಯಲಿಲ್ಲ ಅಂದಾಗ ಫರ್ನೇಸಿಗೆ ಬನ್ನಿ. ಟೇಪ್ ಇಡುವ ಜಾಗದಲ್ಲೇ, ಥರ್ಮೊಕಪಲಿನ ತುದಿಗೆ ತಾಗಿಸಿ, ಶುದ್ಧ ಬೆಳ್ಳಿ ತಂತಿಯ ಸಣ್ಣ ತುಂಡನ್ನು ಅಲ್ಯುಮಿನಾ ತಟ್ಟೆಯಲ್ಲಿಡಿ. ಅಕ್ಕಸಾಲಿಯಿಂದ ತರುವುದಾದರೆ ತಾಮ್ರ ಬೆರೆಸದ್ದೇ ಬೇಕು ಅಂತ ಕೇಳಿ ತನ್ನಿ. 940 ದಾಟಿದ ಮೇಲೆ ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿ. ತಂತಿ ಮುದುಡಿ ಮಣಿಯಾದಾಗ ಮೀಟರ್ 962ರ ಹತ್ತಿರ ತೋರಿಸಬೇಕು. ಗಾಳಿಯಲ್ಲಿ ಬೆಳ್ಳಿ ಆಮ್ಲಜನಕ ಹೀರುವುದರಿಂದ ಸುಮಾರು ಹತ್ತು ಡಿಗ್ರಿಯವರೆಗೆ ಮೊದಲೇ ಕರಗುವುದುಂಟು, ಅಷ್ಟು ಬಿಟ್ಟುಕೊಡಿ. ಅದಕ್ಕಿಂತ ದೂರ ಇದ್ದರೆ ನೀವು 838 ಅಂತ ಬರೆದುಕೊಂಡದ್ದು 838 ಅಲ್ಲ. ಆ ವ್ಯತ್ಯಾಸವನ್ನು ಫರ್ನೇಸಿನ ಮೈಮೇಲೇ ಮಾರ್ಕರಿನಲ್ಲಿ ದಿನಾಂಕದ ಜೊತೆ ಬರೆದಿಡಿ. ಮುಂದಿನ ಸರದಿಯವರಿಗೂ ಅದು ಬೇಕಾಗುತ್ತದೆ.